ನೀರು ಕುಡಿದ ಎಂಟರ್‌ಪ್ರೈಸ್ ದೋಣಿಯನ್ನು ಹಗುರ ಮಾಡಿದ್ದು: ನನ್ನ ಅನುಭವ

ಕಳೆದ ಆಗಸ್ಟ್‌ನಲ್ಲಿ ಕೆಆರ್‌ಎಸ್ ಹಿನ್ನೀರಿನಲ್ಲಿ ನಮ್ಮ ಹಳೇ ಮರದ ಎಂಟರ್‌ಪ್ರೈಸ್ (ಇಬ್ಬರು ನಡೆಸುವ ಸಣ್ಣ ಹಾಯಿದೋಣಿ) ರೇಸಿನಲ್ಲಿ ಹತ್ತು ಹನ್ನೊಂದು ದೋಣಿಗಳಲ್ಲಿ ಮೂರನೆಯದಾಗಿ ಬಂತು. ಹಿಂದೆ ಬಿದ್ದವರಲ್ಲಿ ಜಾಸ್ತಿ ಜನ ಫೈಬರ್ ದೋಣಿಯವರು. "ಆ ಪ್ಲೈವುಡ್ಡನ್ನು ಒಲೆಗೆ ಹಾಕಿ" ಅಂದಿದ್ದ ಇಬ್ಬರು ಅವತ್ತು ದಡಕ್ಕೆ ಬಂದು ಅದರ ಹಲ್ (ದೋಣಿಯ ಮೈ) ಸವರಿ ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಾಯಿ, ಮಾಸ್ಟ್ (ಹಾಯಿ ಕಟ್ಟುವ ಕಂಬ) ಎಲ್ಲಾ ಸೇರಿ 35 ಸಾವಿರಕ್ಕೆ ಕೊಂಡಿದ್ದೆ. ತೂಕ ಹಾಕಿದರೆ ರೇಸ್ ನಿಯಮದ ಕನಿಷ್ಠ ತೂಕಕ್ಕಿಂತ ಸುಮಾರು 20 ಕೆಜಿ ಜಾಸ್ತಿ. ಸೋರಿಕೆ ನಿಲ್ಲಲಿ ಅಂತ ಹಿಂದಿನವರು ತಳಕ್ಕೆ ಪಾಲಿಯೆಸ್ಟರ್ ರೆಸಿನ್ ಹಚ್ಚಿ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಹೊದಿಸಿದ್ದರು. ಅದು ಮರಕ್ಕೆ ಸರಿಯಾಗಿ ಹಿಡಿಯದೆ ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ.

ಮೊದಲ ಸಲ ಮ್ಯಾಟ್ ಕಿತ್ತು ಏಪ್ರಿಲ್ ಬಿಸಿಲಿಗೆ ಬಿಟ್ಟೆ. ಹತ್ತೇ ದಿನದಲ್ಲಿ ಪ್ಲೈವುಡ್ಡಿನ ಪದರ ಬಿರಿಯಿತು, ಟ್ರಾನ್ಸಮ್ (ದೋಣಿಯ ಹಿಂಬದಿ ಹಲಗೆ) ಅಂಚು ಬಾಯಿ ಬಿಟ್ಟಿತು. ಎರಡನೇ ಸಲ ಅವಸರಕ್ಕೆ ಬಿದ್ದು ಜುಲೈ ಮಳೆಯಲ್ಲೇ ಎಪಾಕ್ಸಿ (ನೀರು ಒಳಗೆ ಬಿಡದ ಗಟ್ಟಿ ರೆಸಿನ್) ಹಚ್ಚಿದೆ. ಮೇಲೆ ಎಣ್ಣೆ ಸವರಿದಂಥ ಜಿಡ್ಡು ಬಂತು. ಅದನ್ನು ತೊಳೆಯದೆ ಹಾಗೇ ಪೇಂಟ್ ಮಾಡಿದೆ. ಮೂರು ವಾರಕ್ಕೆ ಪೇಂಟ್ ಹಪ್ಪಳದ ಹಾಗೆ ಎದ್ದಿತು. 14 ಸಾವಿರ ಹೋಯಿತು. ಆ ವಾರ ನಾನು ಶೆಡ್ ಕಡೆ ತಲೆ ಹಾಕಲಿಲ್ಲ.

ಬಿಟ್ಟುಬಿಡಲು ಮನಸ್ಸು ಬರಲಿಲ್ಲ. 1956ರಲ್ಲಿ ಜ್ಯಾಕ್ ಹೋಲ್ಟ್ ಈ ದೋಣಿಯನ್ನು ವಿನ್ಯಾಸ ಮಾಡಿದ್ದೇ ಸಾಮಾನ್ಯ ಜನ ಪ್ಲೈವುಡ್ ಕತ್ತರಿಸಿ ಮನೆಯಲ್ಲೇ ಕಟ್ಟಿಕೊಳ್ಳಲಿ ಅಂತ. ಶೆಡ್ಡಿನಲ್ಲಿ ಹುಟ್ಟುವ ದೋಣಿಯನ್ನು ಶೆಡ್ಡಿನಲ್ಲೇ ಉಳಿಸಬಹುದು, ಅಲ್ವಾ?

ಮೂರನೇ ಸಲ ನಿಧಾನ ಮಾಡಿದೆ. ದೋಣಿಯನ್ನು ಕವುಚಿ ಹಾಕಿ ಸುತ್ತ ಟಾರ್ಪಾಲ್ ಕಟ್ಟಿದೆ. ಒಳಗೆ 100 ವ್ಯಾಟಿನ ಎರಡು ಹಳೇ ಬಲ್ಬು, ಒಂದು ಸಣ್ಣ ಫ್ಯಾನ್. ಬಲ್ಬಿನ ಬಿಸಿಗೆ ಮರ ಸೊಟ್ಟಗಾಗುತ್ತದೆ ಅಂತ ಎಲ್ಲರೂ ಹೇಳಿದರು. ಆಗಲಿಲ್ಲ, ಯಾಕಂದ್ರೆ ಬಿಸಿ ಕೈಗೆ ಹಿತವಾಗುವಷ್ಟೇ ಇತ್ತು. ಪ್ರತಿ ಭಾನುವಾರ ತೂಕ ಹಾಕಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಾಲ್ಕು ತಿಂಗಳಲ್ಲಿ ಮರದ ತೇವ ಅಳೆಯುವ ಮೀಟರ್ ಶೇಕಡಾ 24ರಿಂದ 11ಕ್ಕೆ ಇಳಿಯಿತು. ಕೊಳೆತ ಕಡೆ ಕೊಯ್ದು, ಒಂದಕ್ಕೆ ಎಂಟರ ಇಳಿಜಾರಿನಲ್ಲಿ (ದಪ್ಪದ ಎಂಟು ಪಟ್ಟು ಉದ್ದಕ್ಕೆ ಓರೆ ಕೊಯ್ದು) ಹೊಸ ಮರೈನ್ ಪ್ಲೈ ಬೆಸೆದೆವು. ಆಚಾರ್ರ ಕೂಲಿ, ಪ್ಲೈ ಸೇರಿ 30 ಸಾವಿರದ ಹತ್ತಿರ.

ಎಪಾಕ್ಸಿ ಹಚ್ಚಿದ್ದು ಫೆಬ್ರವರಿಯಲ್ಲಿ. ಬಲ್ಬು ಉರಿಸಿ ಹಲ್ ಬೆಚ್ಚಗೆ ಮಾಡಿ, ಆರಿಸಿ, ಮರ ತಣಿಯಲು ಶುರುವಾದ ಮೇಲೆ ರೋಲರ್ ಹಿಡಿದೆ. ಮರ ಬಿಸಿಯಾಗುತ್ತಿರುವಾಗ ಹಚ್ಚಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ತಣಿಯುವಾಗ ಹಚ್ಚಿದರೆ ಮರವೇ ರೆಸಿನ್ ಎಳೆದುಕೊಳ್ಳುತ್ತದೆ. ತೆಳುವಾಗಿ ಮೂರು ಕೋಟ್. ಈಗ ಕನಿಷ್ಠಕ್ಕಿಂತ ಮೂರು ಕೆಜಿ ಜಾಸ್ತಿ, ಅಷ್ಟೇ.

ನಡುವೆ ಹಲಸಿನ ಮರದಲ್ಲಿ ಸೆಂಟರ್‌ಬೋರ್ಡ್ (ದೋಣಿಯ ತಳದ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆ) ಮಾಡಿಸಿದ್ದೆ. ನೋಡಲು ಚಿನ್ನದ ಹಾಗಿತ್ತು. ಎರಡು ತಿಂಗಳಿಗೆ ಬಾಗಿ ಸೀಳಿನಲ್ಲೇ ಸಿಕ್ಕಿಕೊಂಡಿತು. ಹಳೆಯದನ್ನೇ ಉಜ್ಜಿ ಹಾಕಿದೆ. ಆ ಸೀಳಿನ ಬಾಯಿಗೆ ಏನು ಅಂಟಿಸಿದ್ದೇನೆ, ಮಾಸ್ಟನ್ನು ಎಷ್ಟು ವಾಲಿಸಿದ್ದೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕ್ರೂ, ಅಂದರೆ ದೋಣಿಯಲ್ಲಿ ನನ್ನ ಜೊತೆಗಾರ್ತಿ, ನನ್ನ ಹೆಂಡತಿ. ಇಬ್ಬರೂ ಸೇರಿ 118 ಕೆಜಿ. "ಗಂಡ ಹೆಂಡತಿ ಒಂದೇ ದೋಣಿಯಲ್ಲಿ ಕೂತರೆ ಜಗಳವೇ ಆಗೋದು, ರೇಸಲ್ಲ" ಅಂದವರೂ ಇದ್ದರು. ಅವರಿಗೆ ನಾನು ಹೇಳುವುದು 1982ರ ಏಷ್ಯನ್ ಗೇಮ್ಸ್ ಕಥೆ. ಆಟ ದೆಹಲಿಯದ್ದು, ಹಾಯಿದೋಣಿ ರೇಸ್ ಮುಂಬೈ ಸಮುದ್ರದಲ್ಲಿ. ಎಂಟರ್‌ಪ್ರೈಸ್ ಚಿನ್ನ ಹೋದದ್ದು ಪಾಕಿಸ್ತಾನದ ಬೈರಾಮ್ ಅವಾರಿ ಮತ್ತು ಅವರ ಪತ್ನಿ ಗೋಶ್ಪಿ ಜೋಡಿಗೆ. 1978ರಲ್ಲಿ ಬ್ಯಾಂಕಾಕ್‌ನಲ್ಲಿ ಇದೇ ಕ್ಲಾಸಿನ ಚಿನ್ನವನ್ನು ಬೈರಾಮ್ ಮುನೀರ್ ಸಾದಿಕ್ ಜೊತೆ ಗೆದ್ದಿದ್ದರು. ಕ್ರೂ ಬದಲಾದರೂ ಚಿನ್ನ ಬದಲಾಗಲಿಲ್ಲ. ಮುಂಬೈಯಲ್ಲೇ ನಮ್ಮ ಫಾರೂಕ್ ತಾರಾಪೋರ್, ಜರೀರ್ ಕರಂಜಿಯಾ ಫೈರ್‌ಬಾಲ್ ಕ್ಲಾಸಿನಲ್ಲಿ ಚಿನ್ನ ತಂದರು. ಅದೂ ಇಬ್ಬರ ದೋಣಿಯೇ.

ಎಂಟರ್‌ಪ್ರೈಸ್‌ಗೆ ಟ್ರಪೀಜ್ (ದೋಣಿಯಾಚೆ ನೇತಾಡಿ ಸಮತೋಲ ಹಿಡಿಯುವ ತಂತಿ) ಇಲ್ಲ, ಸ್ಪಿನೇಕರ್ (ಮುಂದೆ ಉಬ್ಬುವ ದೊಡ್ಡ ಹಾಯಿ) ಇಲ್ಲ. ನಮ್ಮಂಥ ಹಗುರ ಜೋಡಿ ಜೋರು ಗಾಳಿಯಲ್ಲಿ ಒದ್ದಾಡಬೇಕು, ನಿಜ. ಆದರೆ ಗಾಳಿ ಕಡಿಮೆಯಾದಾಗ ದೋಣಿ ಹಗುರವಿದ್ದರೆ ಅದರ ಲಾಭ ನಮಗೇ. ಅವತ್ತು ಕೊನೇ ಸುತ್ತಿನಲ್ಲಿ ಹಾಗೇ ಆಯಿತು. "ರೀ, ಅಲ್ಲಾಡಬೇಡಿ, ಗಾಳಿ ಬರ್ತಿದೆ" ಅಂತ ಅವಳು ಜಿಬ್ (ಮುಂದಿನ ಸಣ್ಣ ಹಾಯಿ) ಸಡಿಲ ಬಿಟ್ಟಳು. ದೋಣಿ ಮುಂದಕ್ಕೆ ಚಿಮ್ಮಿತು. ಎರಡು ಫೈಬರ್ ದೋಣಿ ಅಲ್ಲೇ ದಾಟಿದೆವು.

ಒಟ್ಟು ಖರ್ಚು ದೋಣಿ ಸೇರಿ ಒಂದು ಲಕ್ಷ ಹತ್ತು ಸಾವಿರದ ಸುಮಾರು, ಹಾಳಾದ 14 ಸಾವಿರವೂ ಅದರಲ್ಲೇ. ಉಳಿದ ಮೂರು ಕೆಜಿ ಫೋರ್‌ಡೆಕ್ಕಿನ (ದೋಣಿಯ ಮುಂಭಾಗದ ಮುಚ್ಚಿಗೆ) ಕೆಳಗಿದೆ ಅಂತ ನನ್ನ ಲೆಕ್ಕ. ಮಳೆ ಮುಗಿದ ಮೇಲೆ ಅದನ್ನೂ ಬಿಚ್ಚುತ್ತೇನೆ. ಬಲ್ಬುಗಳನ್ನು ಇನ್ನೂ ಎಸೆದಿಲ್ಲ.