ಸೈಲೆನ್ಸರ್ ಬಾಯಲ್ಲೇ ಹೊಗೆ ಹಿಡಿದದ್ದು: ನನ್ನ ಅನುಭವ

ಗ್ಯಾರೇಜಿನಲ್ಲಿ ಗಾಡಿಯ ಹೊಗೆಯನ್ನು ಸೈಲೆನ್ಸರ್ ಬಾಯಿಂದಲೇ ಹೋಸಿನಲ್ಲಿ ಎಳೆದು, ಡಕ್ಟ್ (ಗಾಳಿ ಹಾಯುವ ಕೊಳವೆ) ಮೂಲಕ ಹೊರಹಾಕುವ ಏರ್ಪಾಡು ಮಾಡಿದ್ದೇನೆ. ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು, ಹೋಸು ಡಕ್ಟು ಎಲ್ಲ ಯಾಕೆ ಅಂದವರೇ ಹೆಚ್ಚು. ಮೂರು ಬೇ (ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗ) ಇರುವ ನಮ್ಮ ಗ್ಯಾರೇಜಿನಲ್ಲಿ ಶಟರ್ ಅರ್ಧ ಇಳಿಸಿ ಎರಡು ಗಾಡಿ ಚಾಲೂ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ಮೀಟರು 70 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ಆಸುಪಾಸು ತೋರಿಸುತ್ತಿತ್ತು. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಓಷಾದ ಮಿತಿಯೇ ಎಂಟು ಗಂಟೆಯ ಸರಾಸರಿಗೆ 50. ಈಗ ಕೋಲ್ಡ್ ಸ್ಟಾರ್ಟಿನಲ್ಲೂ, ಅಂದರೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಕಾಯದ ಹೊತ್ತಿನಲ್ಲೂ, 5 ದಾಟುವುದು ಅಪರೂಪ.

ಗೋಡೆ ಫ್ಯಾನು ಹೊಗೆಯನ್ನು ಹೊರಗೆ ಎಳೆಯುತ್ತದೆ ನಿಜ, ಆದರೆ ಬಾನೆಟ್ ಮೇಲೆ ಬಗ್ಗಿದವನ ಮೂಗಿನ ಮುಂದೆಯೇ ಹಾಯಿಸಿಕೊಂಡು ಹೋಗುತ್ತದೆ. ಆಮೇಲೆ ಡಕ್ಟ್ ಒಳಗೆ ಕೂರಿಸಿದ ಆಕ್ಸಿಯಲ್ ಫ್ಯಾನೂ (ಗಾಳಿಯನ್ನು ನೇರ ಮುಂದಕ್ಕೆ ತಳ್ಳುವ ಸಾದಾ ರೆಕ್ಕೆಯ ಫ್ಯಾನ್) ದಂಡವೇ. ಎರಡು ಬೆಂಡ್ ದಾಟುವಷ್ಟರಲ್ಲಿ ಅದಕ್ಕೆ ಒತ್ತಡ ತಡೆಯಲಾಗದೆ ರೆಕ್ಕೆ ಸುಮ್ಮನೆ ತಿರುಗುತ್ತಿತ್ತು. ಪಿವಿಸಿ ಹೋಸಂತೂ ರೇಸ್ ಕೊಟ್ಟ ಡೀಸೆಲ್ ಗಾಡಿಯ ಶಾಖಕ್ಕೆ ಮೆತ್ತಗಾಗಿ ಒಳಕ್ಕೆ ಕುಸಿಯಿತು. ಈ ಮೂರಕ್ಕೆ ಸುರಿದ ದುಡ್ಡಿನಲ್ಲಿ ಅರ್ಧಕ್ಕೇ ಈಗಿನದು ಮುಗಿದಿದೆ.

ಈಗಿರುವುದು ಗುಜರಿಯ 1.5 ಎಚ್‌ಪಿ ಸೆಂಟ್ರಿಫ್ಯೂಗಲ್ ಬ್ಲೋವರ್ (ಒತ್ತಡ ತಡೆದು ಗಾಳಿ ಎಳೆಯುವಂಥದ್ದು), 160 ಮಿ.ಮೀ. ಜಿಐ (ಸತು ಲೇಪಿಸಿದ ತಗಡಿನ) ಡಕ್ಟ್, ಪ್ರತಿ ಬೇಯಲ್ಲೂ ಒಂದು 100 ಮಿ.ಮೀ. ಹೋಸು. ಹೋಸು ಸಿಲಿಕೋನ್ ಲೇಪಿಸಿದ ಗ್ಲಾಸ್ ಫೈಬರಿನದು, ಅದರಲ್ಲಿ ಮಾತ್ರ ಜುಗ್ಗತನ ಬೇಡ. ಒಂದೊಂದು ಹೋಸು ಗಂಟೆಗೆ ಸುಮಾರು 300 ಘನ ಮೀಟರ್ ಎಳೆಯುತ್ತದೆ. ಬಳಸದ ಹೋಸಿನ ಡ್ಯಾಂಪರ್ (ಗಾಳಿ ತಡೆಯುವ ಮುಚ್ಚಳ) ಮುಚ್ಚಿರಬೇಕು. ಹೋಸಿನ ಬಾಯಿಂದ ಅದರ ವ್ಯಾಸದಷ್ಟು ದೂರ ಸರಿದರೂ ಸೆಳೆತ ಹೆಚ್ಚುಕಡಿಮೆ ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಹೋಸಿನ ತುದಿಯ ಕೋನ್ ಸೈಲೆನ್ಸರಿನ ಮೇಲೇ ಕೂರಬೇಕು. ಬಿಗಿಯಾಗಿ ಅಲ್ಲ, ಸುತ್ತ ಒಂದು ಬೆರಳು ಸಂದು ಬಿಟ್ಟು. ಅಲ್ಲಿಂದ ನುಗ್ಗುವ ತಣ್ಣನೆ ಗಾಳಿಯೇ ಹೋಸನ್ನು ಉಳಿಸುವುದು. ಒಂಟಿಗೂ ಅವಳಿ ಸೈಲೆನ್ಸರಿಗೂ ಒಂದೇ ಕೋನ್ ಹೊಂದುವ ಹಾಗೆ ಒಳಗೆ ಕೊಟ್ಟ ಪಟ್ಟಿಯ ವಿಷಯ ನನ್ನ ಹತ್ತಿರವೇ ಇರಲಿ.

ಸಂದಿನ ಬಳಿ ಊದುಬತ್ತಿ ಹಿಡಿದು ನೋಡಿ (ಹತ್ತಿರದಲ್ಲಿ ಪೆಟ್ರೋಲು, ಥಿನ್ನರ್ ಇಲ್ಲದಾಗ ಮಾತ್ರ). ಹೊಗೆಯ ಎಳೆ ಸುತ್ತಲೂ ಒಳಕ್ಕೇ ಬಾಗಬೇಕು. ಒಂದು ಕಡೆ ತೂಗಾಡಿದರೆ ಶಟರ್ ಪೂರ್ತಿ ಮುಚ್ಚಿ, ಹೊರಗಿನ ಗಾಳಿ ಒಳಗೆ ಬರಲು ದಾರಿಯಿಲ್ಲದೆ ಇರಬಹುದು.

ಮೀಟರು ಕೈಯಲ್ಲಿದೆಯಲ್ಲಾ ಎಂದು ಪೇಂಟರ್‌ನ ಏರ್‌ಲೈನ್ ಮಾಸ್ಕಿಗೆ ಕಂಪ್ರೆಸರಿನಿಂದ ಉಸಿರಾಡುವ ಗಾಳಿ ತರುವ ಪೈಪಿಗೂ ಹಿಡಿದೆ. ಅಲ್ಲೂ ಮುಳ್ಳು ಎದ್ದಿತು! ಕಂಪ್ರೆಸರಿನ ಗಾಳಿ ಎಳೆಯುವ ಬಾಯಿ ಇದ್ದದ್ದು ಗಾಡಿ ರಿವರ್ಸ್ ಬರುವ ಜಾಗದಲ್ಲಿ. ಇದ್ದಿಲಿನ ಫಿಲ್ಟರ್ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವುದಿಲ್ಲ. ಆ ಬಾಯನ್ನು ಪೈಪ್ ಹಾಕಿ ಮಾಡಿನ ಮೇಲಕ್ಕೆ, ಬ್ಲೋವರಿನ ಚಿಮಣಿಗೆ ವಿರುದ್ಧ ದಿಕ್ಕಿಗೆ ಒಯ್ದ ಮೇಲೆ ಸರಿಹೋಯಿತು.

ಬ್ರೇಕ್ ತೊಳೆಯುವ ಸ್ಪ್ರೇ, ಅಂದರೆ ಬ್ರೇಕ್ ಕ್ಲೀನರ್ ಡಬ್ಬಿಗೆ ಈ ಹೋಸು ಉಪಯೋಗಕ್ಕಿಲ್ಲ. ಅದರ ಆವಿ ಗಾಳಿಗಿಂತ ಭಾರ, ಗಾಡಿ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಯಲ್ಲೇ (ಪಿಟ್) ನಿಲ್ಲುತ್ತದೆ. ಹೆಕ್ಸೇನ್ ಎಂಬ ದ್ರಾವಕ ಇರುವುದಾದರೆ ದಿನಾ ಬಳಸುವವರ ಕೈಕಾಲಿನ ನರ ಜೋಮು ಹಿಡಿಯಬಹುದು. ಕ್ಲೋರಿನ್ ಇರುವ ಕ್ಲೀನರ್ ಪೂರ್ತಿ ಒಣಗದ ಜಾಗಕ್ಕೆ ವೆಲ್ಡಿಂಗ್ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಏಳಬಹುದು. ಅದರ ಬದಲು ಬಿಸಿ ನೀರು, ಡಿಟರ್ಜೆಂಟು, ಬ್ರಷ್ ಇಟ್ಟ ತಟ್ಟೆ ಸಾಕಾಯಿತು. ಬ್ರೇಕ್ ಡ್ರಮ್ಮಿನ ಧೂಳಿಗೆ ಏರ್ ಗನ್ ಹಿಡಿಯುವುದೂ ನಿಂತಿತು.

ಮುಂದಿನದು ಪೇಂಟ್ ಬೂತ್, ಗಾಡಿಗೆ ಬಣ್ಣ ಸ್ಪ್ರೇ ಮಾಡುವ ಕೋಣೆ. ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನ ಐಸೊಸಯನೇಟ್ ಎಂಬ ರಾಸಾಯನಿಕ ಅಪಾಯದ ಮಟ್ಟದಲ್ಲೂ ವಾಸನೆ ಕೊಡುವುದಿಲ್ಲ. ಬೂತ್‌ನಲ್ಲಿ ಸ್ಮೋಕ್ ಮೆಷಿನ್‌ನ ಹೊಗೆ ತುಂಬಿ, ಫ್ಯಾನ್ ಹಾಕಿ, ಪೂರ್ತಿ ತಿಳಿಯಾಗುವವರೆಗೆ ಗಡಿಯಾರ ನೋಡಿದೆ: ಏಳೆಂಟು ನಿಮಿಷ. ಗನ್ ನಿಲ್ಲಿಸಿದ ಮೇಲೂ ಅಷ್ಟು ಹೊತ್ತು ಯಾರೂ ಮಾಸ್ಕ್ ಎತ್ತುವಂತಿಲ್ಲ, ಪೇಂಟ್ ಫಿನಿಶ್ ನೋಡಲಿಕ್ಕೂ.