ಪೆಟ್ಟಿಗೆಯ ಮೇಲಿನ ಸಾವಿರ ವ್ಯಾಟ್: ಕಾರ್ ಆಂಪ್ಲಿಫೈಯರನ್ನು ಅಳೆದು ನೋಡಿದ ನನ್ನ ಅನುಭವ

ನನ್ನ ಕಾರಿಗೆ ಮೊದಲ ಆಂಪ್ಲಿಫೈಯರ್ ಕೊಂಡಾಗ ಅದರ ಪೆಟ್ಟಿಗೆಯ ಮೇಲೆ ‘1000 ವ್ಯಾಟ್’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದನ್ನು ನಂಬಿದ ನಾನು, 60 ವ್ಯಾಟ್‌ನ ಸ್ಪೀಕರ್‌ಗಳು ಎಲ್ಲಿ ಸುಟ್ಟುಹೋಗುತ್ತವೆಯೋ ಎಂಬ ಭಯದಿಂದ ಗೇನ್ ಗುಂಡಿಯನ್ನು ತಿಂಗಳುಗಟ್ಟಲೆ ಕಾಲು ಭಾಗಕ್ಕಿಂತ ಮೇಲೆ ತಿರುಗಿಸಿರಲಿಲ್ಲ. ಗೇನ್ ಗುಂಡಿಯ ಕೆಲಸ ಹೆಡ್ ಯೂನಿಟ್‌ನಿಂದ (ಡ್ಯಾಶ್‌ಬೋರ್ಡಿನಲ್ಲಿರುವ ಸ್ಟೀರಿಯೋದಿಂದ) ಬರುವ ಸಿಗ್ನಲ್‌ಗೆ ಆಂಪನ್ನು, ಅಂದರೆ ಆಂಪ್ಲಿಫೈಯರನ್ನು, ಹೊಂದಿಸುವುದೇ ಹೊರತು ಇಂತಿಷ್ಟು ವ್ಯಾಟ್ ಎಂದು ಮಿತಿ ಹಾಕುವುದಲ್ಲ ಎಂಬುದೂ ಆಗ ನನಗೆ ತಿಳಿದಿರಲಿಲ್ಲ.

ಮೊದಲ ಅನುಮಾನ ಹುಟ್ಟಿದ್ದು ಫ್ಯೂಸ್ ನೋಡಿದಾಗ. ಆಂಪಿನ ಬದಿಯಲ್ಲಿ 15 ಆಂಪಿಯರ್‌ನ ಎರಡು ಫ್ಯೂಸ್‌ಗಳಿದ್ದವು. ಎಂಜಿನ್ ಓಡುವಾಗಿನ ವೋಲ್ಟೇಜನ್ನು 14.4 ಎಂದು ಹಿಡಿದರೂ 30 ಆಂಪಿಯರ್‌ಗೆ ಒಳಹೋಗುವ ಶಕ್ತಿ 432 ವ್ಯಾಟ್. ಎಬಿ ವರ್ಗದ (ಆಂಪಿನ ಒಳವಿನ್ಯಾಸದ ಒಂದು ಬಗೆ) ಆಂಪ್ ಅದರಲ್ಲಿ ಸುಮಾರು ಶೇಕಡಾ 60ನ್ನು ಮಾತ್ರ ಸ್ಪೀಕರ್‌ಗೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಕಳೆಯುತ್ತದೆ. ಎಂದರೆ ಎರಡೂ ಚಾನೆಲ್ ಸೇರಿ ಹೆಚ್ಚೆಂದರೆ 260 ವ್ಯಾಟ್. ಫ್ಯೂಸ್ ಕ್ಷಣಕಾಲ ತನ್ನ ಮಿತಿ ಮೀರಿದ ಕರೆಂಟನ್ನು ತಡೆದುಕೊಳ್ಳುತ್ತದೆಯಾದ್ದರಿಂದ ಇದು ಅಂದಾಜಿನ ಲೆಕ್ಕ, ಆದರೂ ಸಾವಿರಕ್ಕೂ ಇದಕ್ಕೂ ಇರುವ ಅಂತರ ಅಂದಾಜಿನಲ್ಲಿ ಮುಚ್ಚಿಹೋಗುವಂಥದ್ದಲ್ಲ.

ಹಾಗಾಗಿ ಅಳೆದೇ ನೋಡಲು ನಿರ್ಧರಿಸಿದೆ. ಸ್ಪೀಕರ್‌ಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ಅಲ್ಯೂಮಿನಿಯಂ ಕವಚದ 4 ಓಮ್, 100 ವ್ಯಾಟ್‌ನ ಎರಡು ರೆಸಿಸ್ಟರ್‌ಗಳನ್ನು ದೊಡ್ಡ ಹೀಟ್ ಸಿಂಕ್ ಒಂದಕ್ಕೆ ಬಿಗಿದು ಜೋಡಿಸಿದೆ. ಆಂಪಿನ ಫಿಲ್ಟರ್‌ಗಳನ್ನೆಲ್ಲ ಆಫ್ ಮಾಡಿ, ಹೆಡ್ ಯೂನಿಟ್‌ನಿಂದ 50 ಹರ್ಟ್ಸ್‌ನ ಸೈನ್ ಟೋನ್ ನುಡಿಸಿದೆ. ಸಾಧಾರಣ ಮಲ್ಟಿಮೀಟರ್‌ಗಳು ಎಸಿ ವೋಲ್ಟೇಜನ್ನು ಈ ಆಸುಪಾಸಿನ ಆವರ್ತನದಲ್ಲಿ ನಂಬಬಹುದಾದಂತೆ ಅಳೆಯುತ್ತವೆ, ಮೇಲಿನ ಆವರ್ತನಗಳಲ್ಲಿ ಹಲವು ತಪ್ಪು ತೋರಿಸುತ್ತವೆ; 50 ಹರ್ಟ್ಸ್ ಆರಿಸಿಕೊಂಡದ್ದು ಅದಕ್ಕಾಗಿ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಆಸಿಲೋಸ್ಕೋಪ್ ಒಂದನ್ನೂ ಇಟ್ಟುಕೊಂಡಿದ್ದೆ. ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ ಪರದೆಯ ಮೇಲಿನ ಅಲೆ ಎತ್ತರವಾಗುತ್ತ ಹೋಗಿ, ಒಂದು ಹಂತದಲ್ಲಿ ಅದರ ದುಂಡನೆಯ ನೆತ್ತಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಯಿತು. ಆಂಪ್ ಕ್ಲಿಪ್ ಆಗುವುದೆಂದರೆ ಇದೇ. ಚಪ್ಪಟೆಯಾಗುವ ತುಸು ಮೊದಲಿಗೆ ಗುಂಡಿಯನ್ನು ನಿಲ್ಲಿಸಿ, ರೆಸಿಸ್ಟರ್ ಮುಟ್ಟಲಾರದಷ್ಟು ಕಾಯುವುದರೊಳಗೆ, ಹತ್ತು ಸೆಕೆಂಡುಗಳಲ್ಲಿ ಮೀಟರ್ ಓದಿಕೊಂಡೆ: 16.8 ವೋಲ್ಟ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ 4 ಓಮ್‌ನಿಂದ ಭಾಗಿಸಿದರೆ 70.6 ವ್ಯಾಟ್. ಎರಡೂ ಚಾನೆಲ್‌ಗಳನ್ನು ಒಟ್ಟಿಗೆ ದುಡಿಸಿದಾಗ ಅದು 16.2 ವೋಲ್ಟ್‌ಗೆ, ಅಂದರೆ ಚಾನೆಲ್‌ಗೆ ಸುಮಾರು 65 ವ್ಯಾಟ್‌ಗೆ ಇಳಿಯಿತು.

ಮೀಟರ್ ತೋರಿಸುವುದು ಆರ್‌ಎಂಎಸ್ ವೋಲ್ಟೇಜ್, ಅಂದರೆ ಏರಿಳಿಯುವ ಅಲೆಯಷ್ಟೇ ಶಾಖ ಕೊಡಬಲ್ಲ ಸ್ಥಿರ ವೋಲ್ಟೇಜಿನ ಮಟ್ಟ. ಕರಾರುವಾಕ್ಕಾಗಿ ಹೇಳುವುದಾದರೆ ಆರ್‌ಎಂಎಸ್ ಎಂಬುದು ವೋಲ್ಟೇಜಿಗೆ ಸಲ್ಲುವ ಮಾತು, ಅದರಿಂದ ಲೆಕ್ಕ ಹಾಕಿದ್ದು ಸರಾಸರಿ ಶಕ್ತಿ. ಬಳಕೆಯಲ್ಲಿ ಮಾತ್ರ ‘ಆರ್‌ಎಂಎಸ್ ವ್ಯಾಟ್’ ಎಂಬ ಹೆಸರೇ ನಿಂತುಬಿಟ್ಟಿದೆ. ಸೈನ್ ಅಲೆಯ ತುತ್ತತುದಿಯ ಕ್ಷಣದಲ್ಲಿ ಶಕ್ತಿ ಈ ಸರಾಸರಿಯ ಎರಡು ಪಟ್ಟಿರುತ್ತದೆ, ಪೀಕ್ ವ್ಯಾಟ್ ಎನ್ನುವುದು ಅದನ್ನು. ನನ್ನ ಆಂಪಿನ ಎರಡೂ ಚಾನೆಲ್‌ಗಳ ಪೀಕ್ ಕೂಡಿಸಿದರೂ 300 ವ್ಯಾಟ್ ಆಗಲಿಲ್ಲ. ಆ 1000 ಎಲ್ಲಿಂದ ಬಂತು ಎಂಬುದಕ್ಕೆ ಯಾವ ಲೆಕ್ಕವೂ ನನಗೆ ಸಿಗಲಿಲ್ಲ. ದುಡ್ಡು ಕೊಟ್ಟು ಕೊಳ್ಳುವವನಿಗೆ ಹೀಗೆ ಬರೆದು ಮಾರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಹೆಡ್ ಯೂನಿಟ್‌ಗಳ ಮೇಲಿರುವ ‘50 ವ್ಯಾಟ್ × 4’ ಎಂಬುದಕ್ಕಾದರೆ ಒಂದು ಲೆಕ್ಕವಿದೆ. ಅದರೊಳಗಿನ ಆಂಪ್ ಚಿಪ್‌ಗೆ ಸಿಗುವುದು ಬ್ಯಾಟರಿಯ 14.4 ವೋಲ್ಟ್ ಮಾತ್ರ. ಅದನ್ನು ಪೂರ್ತಿಯಾಗಿ ಚೌಕಾಕಾರದ ಅಲೆಯಾಗಿ 4 ಓಮ್‌ಗೆ ಕೊಟ್ಟರೆ 51.8 ವ್ಯಾಟ್ ಬರುತ್ತದೆ. ಅಂಥ ಅಲೆಯನ್ನು ಸಂಗೀತವೆಂದು ಯಾರೂ ಕೇಳಲಾರರು. ಶುದ್ಧ ಸೈನ್ ಅಲೆಯಲ್ಲಿ ಚಿಪ್‌ನೊಳಗೆ ನಷ್ಟವೇ ಇಲ್ಲವೆಂದುಕೊಂಡರೂ 26 ವ್ಯಾಟ್ ದಾಟುವಂತಿಲ್ಲ. ನನ್ನ ಯೂನಿಟ್ 8.6 ವೋಲ್ಟ್‌ಗೆ ಕ್ಲಿಪ್ ಆಯಿತು: 18.5 ವ್ಯಾಟ್. ಇದನ್ನು ಅಳೆಯುವವರು ಗಮನಿಸಬೇಕಾದ ಸಂಗತಿ ಒಂದಿದೆ. ಹೆಡ್ ಯೂನಿಟ್‌ನ ಎರಡೂ ಸ್ಪೀಕರ್ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ, ಆದ್ದರಿಂದ ಮೈನಸ್ ತಂತಿಯನ್ನು ಗ್ರೌಂಡ್ ಎಂದು ತಿಳಿದು ಕಾರಿನ ಬಾಡಿಗೆ ಮುಟ್ಟಿಸಬಾರದು.

ಎಂಜಿನ್ ನಿಲ್ಲಿಸಿ ಮತ್ತೊಮ್ಮೆ ಅಳೆದಾಗ ಆಂಪಿನ ಟರ್ಮಿನಲ್‌ನಲ್ಲಿ 14.1ರ ಬದಲು 12.2 ವೋಲ್ಟ್ ಇತ್ತು, ಔಟ್‌ಪುಟ್ 14.5 ವೋಲ್ಟ್‌ಗೆ ಇಳಿದು 70 ವ್ಯಾಟ್ 52 ಆಯಿತು. ಶಕ್ತಿ ವೋಲ್ಟೇಜಿನ ವರ್ಗವನ್ನು (ಸ್ಕ್ವೇರ್) ಅನುಸರಿಸುವುದರಿಂದ ಸ್ವಲ್ಪ ಇಳಿತವೂ ದೊಡ್ಡದಾಗಿ ಕಾಣುತ್ತದೆ. ಇದೇ ಕಾರಣಕ್ಕೆ ಪವರ್ ಕೇಬಲ್ಲಿನ ವಿಷಯದಲ್ಲಿ ಜಿಪುಣತನ ಸಲ್ಲದು: ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ತಂತಿಯ ರೋಧ ಅಷ್ಟೇ ದಪ್ಪದ ಅಪ್ಪಟ ತಾಮ್ರದ ಒಂದೂವರೆ ಪಟ್ಟಿರುತ್ತದೆ.

ಇಷ್ಟಾದ ಮೇಲೂ ಕಿವಿಗೆ ಕೇಳುವ ವ್ಯತ್ಯಾಸ ಬೇರೆಯೇ ಲೆಕ್ಕ. 18.5ರಿಂದ 70.6 ವ್ಯಾಟ್‌ಗೆ ಏರಿದರೆ ಹೆಚ್ಚುವುದು 5.8 ಡೆಸಿಬೆಲ್, ಸದ್ದು ಎರಡರಷ್ಟಾಗಿದೆ ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 88 ಡೆಸಿಬೆಲ್ ಸೆನ್ಸಿಟಿವಿಟಿಯ (ಕೊಟ್ಟ ಶಕ್ತಿಗೆ ಎಷ್ಟು ಸದ್ದು ಮಾಡುತ್ತದೆ ಎಂಬ ಅಳತೆ) ಸ್ಪೀಕರ್ ಬಿಟ್ಟು 91ರದ್ದನ್ನು ಆರಿಸಿದರೆ, ಆಂಪಿನ ಶಕ್ತಿಯನ್ನು ಎರಡು ಪಟ್ಟು ಮಾಡಿದಷ್ಟೇ ಫಲ ಸಿಗುತ್ತದೆ.

ಎರಡನೆಯ ಆಂಪ್ ಕೊಳ್ಳುವಾಗ ನಾನು ಹುಡುಕಿದ್ದು ಸಿಇಎ-2006, ಅಂದರೆ ಈಗಿನ ಸಿಟಿಎ-2006 ಮಾನದಂಡದ ಗುರುತನ್ನು. ಅದರಂತೆ ಅಳೆದ ವ್ಯಾಟ್‌ಗೆ ಷರತ್ತುಗಳಿವೆ: 14.4 ವೋಲ್ಟ್, 4 ಓಮ್, ವಿರೂಪ ಮತ್ತು ನಾಯ್ಸ್ ಸೇರಿ ಶೇಕಡಾ 1ರೊಳಗೆ. ವಿರೂಪದ ಮಿತಿ ಬರೆಯದ ಅಂಕಿಯನ್ನು ನಾನೀಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಶೇಕಡಾ 10ರಷ್ಟು ವಿರೂಪವನ್ನು ಒಪ್ಪಿಕೊಂಡರೆ ಅದೇ ಆಂಪ್ ಸುಮಾರು ಕಾಲು ಭಾಗ ಹೆಚ್ಚು ವ್ಯಾಟ್ ತೋರಿಸಬಲ್ಲದು. ಓಮ್ ಕೂಡ ಅಷ್ಟೇ ಮುಖ್ಯ. ಎರಡು ಚಾನೆಲ್ ಬ್ರಿಡ್ಜ್ ಮಾಡಿ, ಅಂದರೆ ಎರಡನ್ನೂ ಸೇರಿಸಿ ಒಂದಾಗಿ ದುಡಿಸಿ, 4 ಓಮ್ ಸಬ್‌ವೂಫರ್ ಜೋಡಿಸಿದರೆ ಪ್ರತಿ ಚಾನೆಲ್‌ಗೆ ಕಾಣುವುದು 2 ಓಮ್ ಹೊರೆ. ಆಂಪ್ 2 ಓಮ್‌ಗೆ ತಾಳುತ್ತದೆ ಎಂದು ಕೈಪಿಡಿಯಲ್ಲಿ ಇದ್ದರೆ ಮಾತ್ರ ಹಾಗೆ ಮಾಡಬೇಕು.

ಆರಿಸಿದ್ದು ಡಿ ವರ್ಗದ, ಅಂದರೆ ಶಾಖವಾಗಿ ಕಳೆಯುವುದು ಕಡಿಮೆಯಿರುವ ವಿನ್ಯಾಸದ, ನಾಲ್ಕು ಚಾನೆಲ್‌ಗಳ ಆಂಪ್. ಪೆಟ್ಟಿಗೆಯ ಮೇಲೆ ‘75 ವ್ಯಾಟ್ × 4’ ಎಂದಷ್ಟೇ ಇತ್ತು, ಫ್ಯೂಸ್ 30 ಆಂಪಿಯರ್‌ನದು. ಹಳೆಯ ‘1000 ವ್ಯಾಟ್’ನ ಎರಡು ಫ್ಯೂಸ್‌ಗಳ ಮೊತ್ತವೂ ಅಷ್ಟೇ. ಅದೇ ರೆಸಿಸ್ಟರ್, ಅದೇ ಟೋನ್ ಇಟ್ಟು ಅಳೆದಾಗ 17.4 ವೋಲ್ಟ್ ಬಂತು, ಎಂದರೆ 75.7 ವ್ಯಾಟ್. ನನ್ನ ಸ್ಪೀಕರ್‌ಗಳ 60 ವ್ಯಾಟ್‌ಗೆ 4 ಓಮ್‌ನಲ್ಲಿ ಬೇಕಾದದ್ದು 15.5 ವೋಲ್ಟ್. ಹೆಡ್ ಯೂನಿಟ್‌ನ ವಾಲ್ಯೂಮನ್ನು ಅದರ ಸಿಗ್ನಲ್ ಕೆಡದ ಗರಿಷ್ಠ ಹಂತಕ್ಕೆ ಇಟ್ಟು, ಮೀಟರ್ 15.5 ತೋರಿಸುವವರೆಗೆ ಗೇನ್ ತಿರುಗಿಸಿ, ಗುಂಡಿ ನಿಂತಲ್ಲಿ ಬಿಳಿ ಬಣ್ಣದ ಚುಕ್ಕೆಯೊಂದನ್ನು ಇಟ್ಟು ರೆಸಿಸ್ಟರ್‌ಗಳನ್ನು ಬಿಚ್ಚಿದೆ.