ಹೊಸ ಸೆಲ್ ಹಾಕಿದ ಮೇಲೂ ಏಳದ ಕಂಪ್ಯೂಟರ್

ಅಡಿಕೆ ಮಂಡಿಯ ಗುಮಾಸ್ತರು ಬಿಲ್ಲನ್ನು ಮೇಜಿನ ಮೇಲಿಟ್ಟು ದಿನಾಂಕದ ಮೇಲೆ ಬೆರಳಿಟ್ಟರು. 01-01-2012. "ಏನು ಮಾರಾಯರೇ, ಆರು ವರ್ಷ ಹಿಂದಿನ ಬಿಲ್ಲು ಕೊಟ್ಟಿದ್ದೀರಿ! ಇದನ್ನು ಆಡಿಟರ್‌ಗೆ ತೋರಿಸಿದರೆ ನನ್ನನ್ನೂ ಹಳೆಯ ಲೆಕ್ಕದ ಪುಸ್ತಕದ ಜೊತೆ ಅಟ್ಟಕ್ಕೆ ಹಾಕುತ್ತಾರೆ" ಎಂದರು. ಅದು 2018ರ ಏಪ್ರಿಲ್. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ತೆರಿಗೆ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ನಾನು ಅದನ್ನು ವಸೂಲು ಮಾಡಿ ರಸೀದಿ ಕೊಟ್ಟಿದ್ದೆ.

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರುಗಳಿದ್ದವು. ಎರಡನ್ನೂ 2012ರಲ್ಲಿ ಒಂದೇ ದಿನ, ಒಂದೇ ಬಗೆಯ ಮದರ್‌ಬೋರ್ಡ್ ಹಾಕಿಸಿ ಜೋಡಿಸಿದ್ದು. ಒಂದು ಕೌಂಟರಿನಲ್ಲಿ, ಬಿಲ್ಲು ಮತ್ತು ಅರ್ಜಿಗಳಿಗೆ. ಇನ್ನೊಂದು ಒಳಗಿನ ಕೋಣೆಯಲ್ಲಿ, ಲಗ್ನಪತ್ರಿಕೆಯ ವಿನ್ಯಾಸಕ್ಕೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಮೆಕ್ಯಾನಿಕ್ ಇರುವುದು ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವುದು ಅನಿವಾರ್ಯವಾಗಿ ಬಂದ ವಿದ್ಯೆ.

ಕೌಂಟರಿನ ಯಂತ್ರ ಎರಡು ತಿಂಗಳಿಂದ ಸೂಚನೆ ಕೊಡುತ್ತಲೇ ಇತ್ತು. ಮೊದಮೊದಲು ಬೆಳಿಗ್ಗೆ ಗಡಿಯಾರ ಹತ್ತು ನಿಮಿಷ, ಇಪ್ಪತ್ತು ನಿಮಿಷ ಹಿಂದೆ ಇರುತ್ತಿತ್ತು. ಆಮೇಲೆ ಒಂದು ದಿನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಸಿಮಾಸ್ ಚೆಕ್‌ಸಮ್ ಸರಿಯಿಲ್ಲ (ಬೋರ್ಡಿನ ನೆನಪು ತಾಳೆಯಾಗುತ್ತಿಲ್ಲ ಎಂದರ್ಥ), ದಿನಾಂಕ ಮತ್ತು ಸಮಯ ಹೊಂದಿಸಿಲ್ಲ, ಸೆಟಪ್‌ಗೆ ಹೋಗಲು ಎಫ್1 ಒತ್ತಿ, ಮೂಲ ಮೌಲ್ಯಗಳೊಂದಿಗೆ ಮುಂದುವರಿಯಲು ಎಫ್2 ಒತ್ತಿ ಎಂದು ಬಂತು. ನಾನು ಎಫ್2 ಒತ್ತಿದೆ. ಮರುದಿನವೂ ಒತ್ತಿದೆ. ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವುದು, ಎಫ್2 ಒತ್ತುವುದು, ಪರದೆಯ ಮೂಲೆಯ ಗಡಿಯಾರವನ್ನು ಕೈಯಿಂದ ತಿದ್ದುವುದು, ಇದು ಅಂಗಡಿ ತೆರೆಯುವ ಕ್ರಮವಾಗಿಬಿಟ್ಟಿತು. ಅಂದು ನಾನು ತಡವಾಗಿ ಬಂದಿದ್ದೆ. ಅಂಗಡಿಯ ಹುಡುಗ ಎಫ್2 ಒತ್ತಿದ, ಗಡಿಯಾರ ತಿದ್ದಲಿಲ್ಲ. ಎಕ್ಸೆಲ್‌ನಲ್ಲಿ ನಾನೇ ಮಾಡಿಕೊಂಡಿದ್ದ ಬಿಲ್ಲಿನಲ್ಲಿ ದಿನಾಂಕ ತಾನಾಗಿ ಬಂದು ಕೂರುತ್ತದೆ. ಕೂತಿತು.

ಅದೇ ದಿನ ಅವನು ಇನ್ನೊಂದು ದೂರನ್ನೂ ತಂದ. ಬ್ಯಾಂಕಿನ ತಾಣ ತೆರೆಯುತ್ತಿಲ್ಲ, ಇಮೇಲ್ ತೆರೆಯುತ್ತಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತಿದೆ. ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಬೈದೂ ಆಗಿತ್ತು. ಪಾಪ, ಅವರದೇನೂ ತಪ್ಪಿರಲಿಲ್ಲ. ಇಂಥ ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುತ್ತದೆ. 2012ರಲ್ಲಿ ಕೂತಿರುವ ಯಂತ್ರಕ್ಕೆ 2018ರ ಪ್ರಮಾಣಪತ್ರ ಇನ್ನೂ ಹುಟ್ಟದ ಮಗುವಿನ ಜಾತಕದಂತೆ ಕಾಣುತ್ತದೆ, ನಂಬುವುದಿಲ್ಲ. ವಿಂಡೋಸ್ ತಾನೇ ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳಬೇಕಲ್ಲವೇ ಎಂದು ನನಗೂ ಅನ್ನಿಸಿತ್ತು. ಮಾಡಿಕೊಳ್ಳುತ್ತದೆ, ಆದರೆ ಮನೆ ಅಂಗಡಿಗಳ ಬಿಡಿ ಕಂಪ್ಯೂಟರಿನಲ್ಲಿ ವ್ಯತ್ಯಾಸ ಹದಿನೈದು ಗಂಟೆ ಮೀರಿದರೆ ತಾನಾಗಿ ಮುಟ್ಟುವುದಿಲ್ಲ. ನಮ್ಮದು ಆರು ವರ್ಷ. ಇನ್ನೊಂದು ಫಜೀತಿ ಎಂದರೆ ಅಂದು ಉಳಿಸಿದ ಕಡತಗಳು. ದಿನಾಂಕದ ಪ್ರಕಾರ ಜೋಡಿಸಿದಾಗ ಅವೆಲ್ಲ ಪಟ್ಟಿಯ ತಳ ಸೇರಿದ್ದವು. ಕಳೆದೇಹೋದವು ಎಂದುಕೊಂಡು ಎರಡು ಅರ್ಜಿಗಳನ್ನು ಮತ್ತೆ ಟೈಪ್ ಮಾಡಿದೆವು.

ಸಂಜೆ ಕ್ಯಾಬಿನೆಟ್ ಬಿಚ್ಚಿದೆ. ಗೋಡೆಯ ಸ್ವಿಚ್ ಆರಿಸಿ, ವೈರನ್ನು ಪೂರ್ತಿ ಕಿತ್ತು, ಪವರ್ ಗುಂಡಿಯನ್ನು ಒಂದಷ್ಟು ಹೊತ್ತು ಒತ್ತಿ ಹಿಡಿದೆ, ಒಳಗೆ ಉಳಿದ ವಿದ್ಯುತ್ ಹೋಗಲಿ ಎಂದು. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಆಮೇಲೆ ಬೋರ್ಡಿಗೆ ಕೈ ಹಾಕಿದೆ. ಕರೆಂಟು ಇಲ್ಲದಾಗಲೂ ಯಂತ್ರದ ಗಡಿಯಾರವನ್ನು ನಡೆಸುವ, ಐದು ರೂಪಾಯಿ ನಾಣ್ಯಕ್ಕಿಂತ ಚೂರು ಕಡಿಮೆ ಅಗಲದ ಹೊಳೆಯುವ ಸೆಲ್ ಎದುರಿಗೇ ಇತ್ತು. ಪಕ್ಕದ ಕೊಕ್ಕೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಸರಿಸಿದರೆ ಟಕ್ ಎಂದು ಮೇಲೇಳುತ್ತದೆ. ಪಕ್ಕದ ಟಿವಿ ರಿಪೇರಿಯವರ ಮೀಟರಿನಲ್ಲಿ ಅಳೆದೆವು: 2.4 ವೋಲ್ಟ್. ಅದು 3 ವೋಲ್ಟಿನ ಸೆಲ್, ಹೊಸದಾದರೆ ಮೂರಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸಬೇಕು.

ವಾಚಿನ ಅಂಗಡಿಗೆ ಹೋದೆ. ಅವರು ಹಳೆಯದನ್ನು ತಿರುಗಿಸಿ ನೋಡಿ, ಅದೇ ಅಗಲದ ಒಂದನ್ನು ಕೊಟ್ಟು "ಇದೂ ಅದೇ" ಎಂದರು. ಹಾಕಿದೆ, ದಿನಾಂಕ ತಿದ್ದಿದೆ, ಮನೆಗೆ ಹೋದೆ. ಬೆಳಿಗ್ಗೆ ಮತ್ತೆ ಅದೇ ಕಪ್ಪು ಪರದೆ. ಮದರ್‌ಬೋರ್ಡೇ ಹೋಯಿತು ಎಂದುಕೊಂಡು ಸೆಲ್ ತೆಗೆದು ಕನ್ನಡಕ ಹಾಕಿಕೊಂಡು ಓದಿದರೆ ಅದರ ಮೇಲೆ ಸಿಆರ್2025 ಎಂದಿತ್ತು. ಬೇಕಾದದ್ದು ಸಿಆರ್2032. ಆ ಅಂಕಿಗಳೇನು ಎಂಬುದು ನನಗೆ ಆಗಲೇ ಅರ್ಥವಾದದ್ದು. ಮೊದಲ ಎರಡು ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡಕ್ಕೂ 20. ಉಳಿದೆರಡು ದಪ್ಪ: ಒಂದು 3.2 ಮಿಲಿಮೀಟರ್, ಇನ್ನೊಂದು 2.5. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಆ ಕೊರತೆಗೆ ತಳದ ಸ್ಪ್ರಿಂಗ್ ಸರಿಯಾಗಿ ತಾಗುತ್ತಿರಲಿಲ್ಲ. ಸರಿಯಾದ ಸೆಲ್‌ಗೆ ಕೊಟ್ಟದ್ದು ನಲವತ್ತು ರೂಪಾಯಿ. ಪ್ಲಸ್ ಗುರುತು ಮೇಲ್ಮುಖವಾಗಿ ಕೂರಿಸಿದೆ, ಆ ಯಂತ್ರದ ಕಾಯಿಲೆ ಅಲ್ಲಿಗೆ ಮುಗಿಯಿತು.

ತೆಗೆದ ಸೆಲ್‌ಗಳನ್ನು ಕೌಂಟರಿನ ಮೇಲೆ ಬಿಟ್ಟಿದ್ದೆ. ಪತ್ರಿಕೆ ಮಾಡಿಸಲು ಬಂದವರ ಮಗು ಅದನ್ನು ಚಾಕಲೇಟ್ ಹಿಡಿದಂತೆ ಹಿಡಿದುಕೊಂಡಿದ್ದನ್ನು ಹುಡುಗ ನೋಡಿ ಕಿತ್ತುಕೊಂಡ. ಸತ್ತ ಸೆಲ್‌ನಲ್ಲೂ ಮಗುವಿನ ಅನ್ನನಾಳವನ್ನು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದರೆ ಎರಡೇ ಗಂಟೆಯೊಳಗೆ ಗಂಭೀರ ಗಾಯವಾಗಬಹುದು. ಈಗ ತೆಗೆದ ಕೂಡಲೇ ಟೇಪ್ ಸುತ್ತಿ ಮೇಲಿನ ಕಪಾಟಿಗೆ ಹಾಕುತ್ತೇನೆ.

ಇಷ್ಟಾದ ಮೇಲೆ ನನಗೆ ಸ್ವಲ್ಪ ಗರ್ವ ಬಂತು. ಒಳಗಿನ ಯಂತ್ರವೂ ಅದೇ ವಯಸ್ಸಿನದು, ಅದರ ಗಡಿಯಾರವೂ ಆಗಾಗ ಹಿಂದೆ ಬೀಳುತ್ತಿತ್ತು. ಅದು ಕೈಕೊಡುವ ಮೊದಲೇ ಬದಲಿಸಿಬಿಡೋಣ ಎಂದು ನಿರ್ಧರಿಸಿದೆ. ಆರಿಸಿಕೊಂಡ ದಿನವೂ ಎಂಥದು! ಆ ವರ್ಷ ಮೇ ಮಧ್ಯದಿಂದ ಅಧಿಕ ಜ್ಯೇಷ್ಠ. ಅಧಿಕ ಮಾಸಕ್ಕೆ ಮುಂಚೆ ಮುಗಿಸಬೇಕೆಂದು ಎಲ್ಲರೂ ಮದುವೆಗಳನ್ನು ಏಪ್ರಿಲ್ ಕೊನೆಗೆ, ಮೇ ಮೊದಲ ವಾರಕ್ಕೆ ತಂದಿಟ್ಟಿದ್ದರು. ಏಳು ಲಗ್ನಪತ್ರಿಕೆಗಳು ಆ ಡಿಸ್ಕಿನೊಳಗಿದ್ದವು. ಒಂದರ ಪ್ರೂಫ್ ನೋಡಲು ಹುಡುಗಿಯ ಸೋದರಮಾವ ಸಂಜೆ ಐದಕ್ಕೆ ಬರುವವರಿದ್ದರು.

ಸೆಲ್ ಬದಲಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಹಚ್ಚಿದೆ. ನಿರೀಕ್ಷೆಯಂತೆ ಎಫ್1, ದಿನಾಂಕ, ಸಮಯ, ಉಳಿಸಿ ಹೊರಬರಲು ಎಫ್10. ವಿಂಡೋಸ್ 7ರ ನಾಲ್ಕು ಬಣ್ಣದ ಚೂರುಗಳು ಒಂದಾಗಲು ತೇಲಿ ಬಂದವು. ಒಂದಾಗುವ ಮೊದಲೇ ನೀಲಿ ಪರದೆಯೊಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಿಂಚಿ, ಯಂತ್ರ ಮರಳಿ ಶುರುವಾಯಿತು. ಮತ್ತೆ ಚೂರುಗಳು, ಮತ್ತೆ ನೀಲಿ. ಸ್ಟಾರ್ಟಪ್ ರಿಪೇರಿಗೆ ಬಿಟ್ಟೆ. ಅದು ಅರ್ಧ ಗಂಟೆ ಹುಡುಕಿ ನನ್ನಿಂದಾಗದು ಎಂದಿತು. ಸೆಲ್ ತೆಗೆದು ಮತ್ತೆ ಹಾಕಿದೆ, ಹಳೆಯದನ್ನೇ ಹಾಕಿದೆ, ರ‍್ಯಾಮ್ ಕಿತ್ತು ಒರೆಸಿದೆ. ಇವೆಲ್ಲ ಯೋಚಿಸಿ ಮಾಡಿದ್ದಲ್ಲ, ಗಾಬರಿಗೆ ಮಾಡಿದ್ದು. ಶಿವಮೊಗ್ಗದ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರೆ "ಡಿಸ್ಕ್ ಹೋಗಿದೆ ಸರ್, ತಂದುಬಿಡಿ, ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ" ಎಂದ. ಏಳು ಮದುವೆಗಳನ್ನು ಫಾರ್ಮ್ಯಾಟ್ ಮಾಡಿಸುವ ಧೈರ್ಯ ನನಗಿರಲಿಲ್ಲ.

ಚಹಾ ಕುಡಿದು ಕೂತೆ. ನೀಲಿ ಪರದೆಯಲ್ಲಿ ಏನೋ ಬರೆದಿತ್ತು, ಓದಲು ಸಮಯವೇ ಸಿಗುತ್ತಿರಲಿಲ್ಲ. ಓದಬೇಕಾದರೆ ಅದನ್ನು ನಿಲ್ಲಿಸಬೇಕು. ಶುರುವಾಗುವಾಗ ಎಫ್8 ಒತ್ತುತ್ತಾ ಹೋದರೆ ಬರುವ ಪಟ್ಟಿಯಲ್ಲಿ, ತೊಂದರೆಯಾದಾಗ ತಾನಾಗಿ ಮರುಪ್ರಾರಂಭವಾಗುವುದನ್ನು ತಡೆಯುವ ಆಯ್ಕೆ ಇದೆ. ಅದನ್ನು ಆರಿಸಿದೆ. ನೀಲಿ ಪರದೆ ಈಗ ಅಲುಗಾಡದೆ ನಿಂತಿತು. ಕೆಳಗೆ 0x0000007B ಎಂಬ ಸಂಖ್ಯೆ. ಮೊಬೈಲಿನಲ್ಲಿ ಹುಡುಕಿದರೆ ಅದರರ್ಥ, ವಿಂಡೋಸ್‌ಗೆ ತಾನು ಏಳಬೇಕಾದ ಡಿಸ್ಕೇ ಕೈಗೆ ಸಿಗುತ್ತಿಲ್ಲ ಎಂದು. ಹಾಗಾದರೆ ಮೆಕ್ಯಾನಿಕ್ ಹೇಳಿದ್ದು ನಿಜವೇ? ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಬೋರ್ಡಿನ ಸ್ವಂತ ತಂತ್ರಾಂಶದ ಸೆಟಪ್‌ಗೆ, ಹೋಗಿ ನೋಡಿದೆ. ಡಿಸ್ಕಿನ ಹೆಸರು, ಗಾತ್ರ ಎರಡೂ ಅಲ್ಲೇ ಇದ್ದವು. ವಿಂಡೋಸಿನ ಬಣ್ಣದ ಚೂರುಗಳು ಬಂದದ್ದೂ ಅದೇ ಡಿಸ್ಕಿನಿಂದಲ್ಲವೇ? ಡಿಸ್ಕ್ ಸತ್ತಿರಲಿಲ್ಲ.

ಸೆಲ್ ತೆಗೆದಾಗ ಹೋದದ್ದು ದಿನಾಂಕ ಮಾತ್ರ ಎಂದು ನಾನು ಭಾವಿಸಿದ್ದೆ. ಬೋರ್ಡಿನ ಎಲ್ಲ ಹೊಂದಾಣಿಕೆಗಳೂ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳಿದ್ದವು. ಅದರಲ್ಲಿ ಸಾಟಾ ಮೋಡ್ ಎಂಬುದೊಂದು. ಅದು ಈಗ ಐಡಿಇ ಎಂದಿತ್ತು, ಪಕ್ಕದಲ್ಲಿ ಎಎಚ್‌ಸಿಐ ಎಂಬ ಇನ್ನೊಂದು ಆಯ್ಕೆ. ಡಿಸ್ಕಿನೊಡನೆ ಮಾತಾಡುವ ಎರಡು ಭಾಷೆಗಳು ಇವು. ವಿಂಡೋಸ್ 7 ತನ್ನನ್ನು ಸ್ಥಾಪಿಸಿದಾಗ ಯಾವ ಭಾಷೆ ಇತ್ತೋ ಅದರ ಡ್ರೈವರನ್ನು, ಅಂದರೆ ಆ ಭಾಷೆ ಬಲ್ಲ ತಂತ್ರಾಂಶವನ್ನು, ಮಾತ್ರ ಏಳುವ ಹೊತ್ತಿಗೆ ಎಬ್ಬಿಸುತ್ತದೆ, ಇನ್ನೊಂದನ್ನು ಮಲಗಿಸಿಡುತ್ತದೆ. ಬಯೋಸ್ ಐಡಿಇಯಲ್ಲಿ ಕರೆಯುತ್ತಿತ್ತು, ವಿಂಡೋಸ್ ಎಎಚ್‌ಸಿಐಗೆ ಕಿವಿಗೊಟ್ಟು ಕೂತಿತ್ತು. ಎಎಚ್‌ಸಿಐ ಆರಿಸಿ ಎಫ್10 ಒತ್ತಿದೆ. ನಾಲ್ಕು ಚೂರುಗಳೂ ಒಂದಾದವು. ಗಂಟೆ ನಾಲ್ಕೂವರೆ. ಸೋದರಮಾವನವರು ಐದೂವರೆಗೆ ಬಂದರು, ಬಂದವರೇ "ಮುಹೂರ್ತದ ಗಳಿಗೆ ಒಮ್ಮೆ ಸರಿಯಾಗಿ ನೋಡಿ" ಎಂದರು.

ಅಂಥದೇ ಬೋರ್ಡಿದ್ದ ಕೌಂಟರಿನ ಯಂತ್ರ ಏಕೆ ತಕರಾರು ಮಾಡಲಿಲ್ಲ ಎಂಬುದು ರಾತ್ರಿ ಮಲಗಿದಾಗ ಹೊಳೆಯಿತು. ಅದಕ್ಕೆ ಮೊದಲು ಹಾಕಿಸಿದ್ದು ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ ಎಎಚ್‌ಸಿಐ ಡ್ರೈವರನ್ನು ಬೇರೆಯಾಗಿ ಕೊಡಬೇಕು, ಆದ್ದರಿಂದ ಐಡಿಇಯಲ್ಲೇ ಬಿಟ್ಟಿದ್ದರು. ಮುಂದೆ ವಿಂಡೋಸ್ 7 ಹಾಕಿದಾಗಲೂ ಯಾರೂ ಅದನ್ನು ಮುಟ್ಟಲಿಲ್ಲ. ಎಲ್ಲ ಅಳಿಸಿಹೋದಾಗ ಬರುವ ಮೌಲ್ಯವೂ ಅದೇ ಆಗಿತ್ತು. ನಾನು ಅದನ್ನು ನನ್ನ ಕೈಚಳಕ ಎಂದುಕೊಂಡಿದ್ದೆ.

ಈಗ ಯಾರ ಯಂತ್ರ ಬಿಚ್ಚಿದರೂ ಮೊದಲು ಬಯೋಸ್‌ನ ಪ್ರತಿ ಪರದೆಯ ಫೋಟೋ ತೆಗೆಯುತ್ತೇನೆ. ಎದುರು ಸಾಲಿನ ಟೈಲರ್ ಅಂಗಡಿಯಲ್ಲಿ ಸೆಲ್ ಬದಲಿಸಿದ ಮರುದಿನ ಬೂಟ್ ಡಿವೈಸ್ ಇಲ್ಲ ಎಂಬ ಗೋಳು ಬಂತು. ಅಲ್ಲಿ ಹೋದದ್ದು ಬೂಟ್ ಕ್ರಮ. ಯಂತ್ರ ಮೊದಲು ಪೆನ್‌ಡ್ರೈವಿನಿಂದ ಏಳಲು ನೋಡುತ್ತಿತ್ತು, ಹಿಂದುಗಡೆ ಯಾರೋ ಮರೆತ ಪೆನ್‌ಡ್ರೈವ್ ಸಿಕ್ಕಿಸಿಕೊಂಡಿತ್ತು. ಕಿತ್ತೆ, ಕ್ರಮ ಸರಿಮಾಡಿದೆ, ಅಷ್ಟೇ.

ಸೆಲ್ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪಿಯರ್ ಗಂಟೆಯ ದಾಸ್ತಾನು. ಅದು ನಡೆಸಬೇಕಾದದ್ದು ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸ್ಫಟಿಕವನ್ನು. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೆ ಒಂದು ಬಡಿತ. ಇದಕ್ಕೆ ಮೂರು ಮೈಕ್ರೋಆಂಪಿಯರ್ ಬೇಕೆಂದು ಹಿಡಿದರೆ 73,000 ಗಂಟೆ, ಎಂಟು ವರ್ಷ ಚಿಲ್ಲರೆ. ಆದರೆ ಗೋಡೆಯ ಸ್ವಿಚ್ ಹಾಕಿದ್ದರೆ, ಯಂತ್ರ ಆರಿದ್ದರೂ ಪವರ್ ಸಪ್ಲೈ ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ, ಸೆಲ್‌ಗೆ ಆಗ ರಜೆ. ನಮ್ಮ ಕಡೆ ಆ ರಜೆ ಸಿಗುವುದಿಲ್ಲ. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕಿತ್ತಿಟ್ಟು ಮನೆಗೆ ಹೋಗುತ್ತೇವೆ, ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಪ್ಲಗ್ ಕೀಳುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಸೆಲ್‌ಗೆ ನಲವತ್ತು ರೂಪಾಯಿ, ಸಿಡಿಲು ಹೊಡೆದರೆ ಇಡೀ ಯಂತ್ರ.

ಕಳೆದ ವರ್ಷ ಮಗಳ ಲ್ಯಾಪ್‌ಟಾಪಿನ ಗಡಿಯಾರ ಹೀಗೇ ಹಿಂದೆ ಬೀಳತೊಡಗಿತು. ಅವಳು "ಅಪ್ಪ, ನೀನೇ ಮಾಡು" ಎಂದಳು. ನಾನು ಒಪ್ಪಲಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಸೆಲ್‌ಗೆ ಎರಡು ವೈರ್ ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ, ಕೆಲವಕ್ಕೆ ಚಾರ್ಜ್ ಆಗುವ ಬೇರೆ ಜಾತಿಯ ಸೆಲ್ ಇರುತ್ತದೆ. ಅಲ್ಲಿ ಸಿಆರ್2032 ತುರುಕಬಾರದು. ಮೇಲಾಗಿ ಅವಳ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ಬೀಗ ಹಾಕಿತ್ತು. ಬಯೋಸ್ ಹೊಂದಾಣಿಕೆ ಬದಲಾದರೆ ಅದು 48 ಅಂಕಿಗಳ ಕೀಲಿ ಕೇಳಿ ಕೂರಬಹುದು. ಅವಳ ಖಾತೆಯಿಂದ ಆ ಕೀಲಿಯನ್ನು ತೆಗೆಸಿ, ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು, ಇಬ್ಬರೂ ಒಂದೊಂದು ಸಲ ಓದಿ ಸರಿನೋಡಿ, ಆಮೇಲೆ ಲ್ಯಾಪ್‌ಟಾಪನ್ನು ಶಿವಮೊಗ್ಗದ ಬಸ್ಸಿಗೆ ಹಾಕಿದೆ.